ಕಡು ಬಣ್ಣದ ಕಾರಿಗೆ ಗೀರು ಬೀಳದಂತೆ ನೋಡಿಕೊಳ್ಳುವುದು ಹೇಗೆ: ತೊಳೆಯುವುದರಿಂದ ಟಚ್-ಅಪ್‌ವರೆಗೆ ಪೂರ್ತಿ ಮಾರ್ಗದರ್ಶಿ

ಕಪ್ಪು, ಕಡು ನೀಲಿ, ಕಡು ಬೂದು. ಈ ಬಣ್ಣದ ಕಾರು ಇಟ್ಟುಕೊಂಡವರೆಲ್ಲ ಕೊನೆಗೆ ಕೇಳುವ ಪ್ರಶ್ನೆ ಒಂದೇ: "ವ್ಯಾಕ್ಸ್ ಹಾಕಿದೆ, ಕೋಟಿಂಗೂ ಮಾಡಿಸಿದೆ, ಆರು ತಿಂಗಳಿಗೆ ಮತ್ತೆ ಬಾನೆಟ್ ಮೇಲೆ ಜೇಡರ ಬಲೆ ಥರ ಗೀರು ಬಂದಿದೆ, ಯಾಕೆ?" ಕೋಟಿಂಗ್ ಕಳಪೆ ಇತ್ತು ಅಂತ ಬೈದುಕೊಂಡು ಇನ್ನೊಂದು ಕೋಟಿಂಗ್ ಮಾಡಿಸುತ್ತಾರೆ. ಮತ್ತೆ ಅದೇ ಕಥೆ.

ತೊಂದರೆ ಕೋಟಿಂಗ್‌ದಲ್ಲ. ಕಾರಿನ ಮೇಲಿರುವ ಸಣ್ಣ ಗೀರುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಬಿದ್ದವೇ ಅಲ್ಲ. ನಾವು ತೊಳೆಯುವಾಗ, ಒರೆಸುವಾಗ ನಮ್ಮ ಕೈಯಿಂದಲೇ ಬಿದ್ದಿರುತ್ತವೆ. ಹಾಗಾಗಿ ಈ ಬರಹದಲ್ಲಿ ವ್ಯಾಕ್ಸ್, ಕೋಟಿಂಗ್ ಎಲ್ಲ ಆಮೇಲೆ ಬರುತ್ತವೆ. ಮೊದಲು ಬಟ್ಟೆ, ಬಕೆಟ್, ಕೈ. ಈ ಕ್ರಮ ತಪ್ಪಿದರೆ ಉಳಿದದ್ದಕ್ಕೆಲ್ಲ ಖರ್ಚು ಮಾಡಿದ್ದು ದಂಡ.

1. ಮೊದಲು ಗೀರು ಎಷ್ಟು ಆಳ ಇದೆ ನೋಡಿ

ಕಾರಿನ ಪೇಂಟ್ ಅಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಫ್ಯಾಕ್ಟರಿಯಿಂದ ಬಂದ ಪೇಂಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಒಂದು ತಲೆಕೂದಲಿಗಿಂತ ತೆಳು. ನಮ್ಮ ಕೈಯಲ್ಲಿರುವ ಬಂಡವಾಳ ಇಷ್ಟೇ ಅಂತ ಮೊದಲೇ ತಿಳಿದಿರಲಿ.

ಕಡು ಬಣ್ಣದ ಪೇಂಟ್ ಮೆತ್ತಗಿರುತ್ತದೆ, ಅದಕ್ಕೇ ಬೇಗ ಗೀರು ಬೀಳುತ್ತದೆ ಅಂತ ಹೇಳುವವರಿದ್ದಾರೆ. ಹಾಗಲ್ಲ. ಗೀರಿನ ಅಂಚಿಗೆ ಬಿದ್ದ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಬಿಳಿ ಕಾರಿನಲ್ಲೂ ಅಷ್ಟೇ ಗೀರು ಇರುತ್ತವೆ, ಆದರೆ ಬಿಳಿಯ ಮೇಲಿನ ಬೆಳ್ಳನೆ ಗೆರೆ ಕಣ್ಣಿಗೆ ಬೀಳುವುದಿಲ್ಲ. ಕಪ್ಪಿನ ಮೇಲೆ ಪ್ರತಿಯೊಂದೂ ಎದ್ದು ಕಾಣುತ್ತದೆ.

ಗೀರು ಪರೀಕ್ಷಿಸುವುದು ಸುಲಭ. ತೊಳೆದು ಒಣಗಿದ ಬಾನೆಟ್ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬೆಳಕಿನ ಸುತ್ತ ವೃತ್ತಾಕಾರದಲ್ಲಿ ಸಣ್ಣ ಗೆರೆಗಳು ಮಿನುಗಿದರೆ ಅವು ತೊಳೆಯುವಾಗ ಬಿದ್ದ ಗೀರುಗಳು. ಇನ್ನು ಒಂಟಿಯಾಗಿ ಕಾಣುವ ಗೀರಿನ ಮೇಲೆ ಒಂದು ಹನಿ ನೀರು ಹಾಕಿ. ಒದ್ದೆ ಆದಾಗ ಮಾಯವಾದರೆ ಅದು ಕ್ಲಿಯರ್ ಕೋಟ್‌ನಲ್ಲೇ ಇದೆ, ಪಾಲಿಶ್ ಮಾಡಿದರೆ ಹೋಗುವ ಸಾಧ್ಯತೆ ಜಾಸ್ತಿ. ಬೆರಳಿನ ಉಗುರನ್ನು ಅಡ್ಡಡ್ಡ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆಳ ಇದೆ, ಅದನ್ನು ಉಜ್ಜಿ ತೆಗೆಯುವ ಆಸೆ ಬಿಡಿ. ಒಳಗೆ ಬೂದು ಅಥವಾ ಬಿಳಿ ಬಣ್ಣ ಕಂಡರೆ ಪ್ರೈಮರ್‌ವರೆಗೆ ಹೋಗಿದೆ. ಹೊಳೆಯುವ ಲೋಹ ಕಂಡರೆ ಕಾಯುವ ಹಾಗಿಲ್ಲ, ನೇರ ಎಂಟನೇ ಹಂತಕ್ಕೆ ಹೋಗಿ.

2. ಬೇಕಾದ ಸಾಮಾನು

ಎರಡು ಬಕೆಟ್. ಎರಡಕ್ಕೂ ತಳದಲ್ಲಿ ಕೂರುವ ಜಾಲರಿ, ಇದನ್ನು ಗ್ರಿಟ್ ಗಾರ್ಡ್ ಅಂತ ಮಾರುತ್ತಾರೆ. ಎರಡು ಮೈಕ್ರೋಫೈಬರ್ ಮಿಟ್ (ಕೈಗೆ ಹಾಕಿಕೊಂಡು ತೊಳೆಯುವ ಗವಸು): ಒಂದು ಕಾರಿನ ಮೇಲ್ಭಾಗಕ್ಕೆ, ಇನ್ನೊಂದು ಬಾಗಿಲಿನ ಕೆಳಭಾಗ ಮತ್ತು ಬಂಪರ್‌ಗೆ. ಚಕ್ರಕ್ಕೆ ಬೇರೆಯೇ ಬಟ್ಟೆ, ಬೇರೆ ಬ್ರಶ್, ಸಾಧ್ಯವಾದರೆ ಬೇರೆ ಬಕೆಟ್. ಬ್ರೇಕ್‌ನಿಂದ ಉದುರುವ ಪುಡಿಯಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಆ ಬಟ್ಟೆ ಪೇಂಟ್ ಮುಟ್ಟಲೇಬಾರದು.

ಪಿಎಚ್ ನ್ಯೂಟ್ರಲ್ ಅಂತ ಬರೆದಿರುವ ಕಾರ್ ಶಾಂಪೂ ಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡಿನ ಜೊತೆಗೆ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ. ಬಟ್ಟೆ ಒಗೆಯುವ ಪುಡಿಯಂತೂ ಬೇಡವೇ ಬೇಡ, ಅದರ ಕರಗದ ಕಾಳುಗಳೇ ಗೀರು ಹಾಕುತ್ತವೆ. ಶಾಂಪೂವಿನ ನಿಜವಾದ ಕೆಲಸ ನೊರೆ ಬರಿಸುವುದಲ್ಲ, ಜಾರಿಸುವುದು. ಮಣ್ಣಿನ ಕಣ ಮತ್ತು ಪೇಂಟ್ ನಡುವೆ ಅದು ಜಾರುವ ಪೊರೆಯಾಗಿ ನಿಲ್ಲಬೇಕು.

ಒರೆಸಲು ದಪ್ಪನೆಯ, ದೊಡ್ಡ ಮೈಕ್ರೋಫೈಬರ್ ಟವೆಲ್. ಪ್ಯಾಕೆಟ್ ಮೇಲೆ ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ) ಅಂತ ಒಂದು ಅಂಕಿ ಇರುತ್ತದೆ, ನೀರು ಒರೆಸಲು 500ಕ್ಕಿಂತ ಜಾಸ್ತಿ ಇರಲಿ. ವ್ಯಾಕ್ಸ್ ಒರೆಸಲು 300–400 ಸಾಕು. ಟವೆಲ್ ಅಂಚಿನಲ್ಲಿ ಹೊಲಿದ ಲೇಬಲ್ ಇದ್ದರೆ ಇವತ್ತೇ ಕತ್ತರಿಸಿ ಹಾಕಿ. ಆ ಗಟ್ಟಿ ಚೂರು ಗೀರು ಹಾಕುತ್ತದೆ.

ಹಳೆ ಬನಿಯನ್ನು, ಹಳೆ ಪಂಚೆ, ಸ್ಪಂಜು ಇವುಗಳಿಂದ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಮಾತು. ಮಿಟ್‌ನ ಉದ್ದನೆಯ ನೂಲುಗಳ ನಡುವೆ ಮಣ್ಣಿನ ಕಣ ಒಳಗೆ ಹೋಗಿ ಕೂರುತ್ತದೆ. ಚಪ್ಪಟೆ ಬಟ್ಟೆಯಲ್ಲಿ ಹೋಗಲು ಜಾಗವೇ ಇಲ್ಲ. ಹಾಗಾಗಿ ಅದು ಬಟ್ಟೆಗೂ ಪೇಂಟ್‌ಗೂ ನಡುವೆಯೇ ಉರುಳಾಡುತ್ತದೆ.

3. ಒಣ ಬಟ್ಟೆಯಿಂದ ಧೂಳು ಒರೆಸುವುದನ್ನು ನಿಲ್ಲಿಸಿ

ಈ ಒಂದು ಹಂತವನ್ನು ಪಾಲಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಬೆಳಿಗ್ಗೆ ಕಾರಿನ ಮೇಲೆ ತೆಳುವಾಗಿ ಧೂಳು ಕೂತಿರುತ್ತದೆ, ಹೊರಡುವ ಅವಸರ, ಕೈಗೆ ಸಿಕ್ಕ ಬಟ್ಟೆಯಿಂದ ಪಟಪಟ ಒರೆಸಿ ಹೊರಡುತ್ತೀರಿ, ಎರಡೇ ನಿಮಿಷದಲ್ಲಿ ಕಾರು ಪಳಪಳ. ಆದರೆ ರಸ್ತೆಯ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ. ಮರಳು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯ ಕೆಳಗೆ ಅದು ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ.

ಉದ್ದನೆ ಎಳೆಗಳ ಡಸ್ಟರ್ ಕೂಡ ಇದಕ್ಕೆ ಹೊರತಲ್ಲ. ಹೊಸದರಲ್ಲಿ ಪರವಾಗಿಲ್ಲ ಅನ್ನಿಸುತ್ತದೆ. ತಿಂಗಳು ಕಳೆದ ಮೇಲೆ ಅದನ್ನು ಬಿಳಿ ಕಾಗದದ ಮೇಲೆ ಒಮ್ಮೆ ಕೊಡವಿ ನೋಡಿ. ಉದುರಿದ್ದನ್ನು ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆ.

ನಿಮ್ಮ ಕಾರನ್ನು ದಿನಾ ಬೇರೆಯವರು ಒರೆಸುತ್ತಿದ್ದರೆ ಅವರಿಗೆ ಪ್ರೀತಿಯಿಂದ ಹೇಳಿ: ಗಾಜು ಮಾತ್ರ ಒರೆಸಿ ಸಾಕು, ಬಾಡಿ ಮುಟ್ಟಬೇಡಿ. ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಐದಾರು ಕಾರು ಒರೆಸಿದರೆ ಮೊದಲ ಕಾರಿನ ಮಣ್ಣು ಕೊನೆಯ ಕಾರಿಗೆ ಸಿಗುತ್ತದೆ. ಧೂಳು ಕೂತ ಕಾರಿಗೆ ಏನೂ ಆಗುವುದಿಲ್ಲ. ಧೂಳು ಕೂತಿದೆ ಅಂತ ಒರೆಸಿದ ಕಾರಿಗೆ ಆಗುತ್ತದೆ.

4. ತೊಳೆಯುವ ಕ್ರಮ

ಕಾರು ನೆರಳಿನಲ್ಲಿರಲಿ, ಬಾನೆಟ್ ಕೈಗೆ ತಣ್ಣಗಿರಲಿ. ಕಡು ಬಣ್ಣ ಬಿಸಿಲನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಬಿಸಿ ತಗಡಿನ ಮೇಲೆ ಶಾಂಪೂ ನೋಡುತ್ತಿದ್ದ ಹಾಗೇ ಒಣಗಿ ಕಲೆ ಬಿಡುತ್ತದೆ.

ಮೊದಲು ಚಕ್ರಗಳು. ಕೊನೆಗೆ ಇಟ್ಟುಕೊಂಡರೆ ಅದರ ಕೊಳೆ ತೊಳೆದ ಬಾಗಿಲಿಗೆ ಸಿಡಿಯುತ್ತದೆ, ಅಷ್ಟರಲ್ಲಿ ಬಾಡಿ ಮೇಲಿನ ನೀರೂ ಒಣಗಿ ಕಲೆಯಾಗಿರುತ್ತದೆ.

ಆಮೇಲೆ ಕಾರು ಮುಟ್ಟದೆ ನೀರು ಹಾಯಿಸಿ. ಮೇಲಿಂದ ಕೆಳಗೆ, ನಿಧಾನಕ್ಕೆ. ಒಣಗಿದ ಕೆಸರು ಇದ್ದರೆ ಮೊದಲು ನೆನೆಯಲು ಬಿಡಿ, ಐದು ನಿಮಿಷ ಬಿಟ್ಟು ಮತ್ತೆ ನೀರು. ಸ್ನೋ ಫೋಮ್ (ಕಾರಿನ ಮೇಲೆ ಸಿಂಪಡಿಸುವ ದಪ್ಪ ನೊರೆ) ಇದ್ದರೆ ಇದೇ ಹೊತ್ತಿಗೆ ಹಾಕಿ, ಒಣಗುವ ಮೊದಲೇ ತೊಳೆದುಬಿಡಿ. ಫೋಮ್ ಶೋಕಿಗೆ ಅಂದುಕೊಂಡವರು ಜಾಸ್ತಿ. ಅಲ್ಲ. ಕೈ ಹಾಕುವ ಮೊದಲೇ ಎಷ್ಟು ಮಣ್ಣು ಇಳಿದುಹೋಗುತ್ತದೋ ಅಷ್ಟು ಗೀರು ತಪ್ಪಿತು. ಪ್ರೆಶರ್ ವಾಷರ್ ಬಳಸುವುದಾದರೆ ಬೀಸಣಿಗೆಯ ಹಾಗೆ ಹರಡುವ ನಾಜಲ್ ಹಾಕಿ, ಕನಿಷ್ಠ 30 ಸೆಂಟಿಮೀಟರ್ ದೂರ ಹಿಡಿಯಿರಿ. ಈಗಾಗಲೇ ಪೇಂಟ್ ಎಗರಿರುವ ಜಾಗಕ್ಕೆ ನೇರ ಹೊಡೆಯಬೇಡಿ, ಅಂಚು ಎದ್ದು ಸಾಸಿವೆಯಷ್ಟು ಇದ್ದ ಗಾಯ ಬಟಾಣಿಯಷ್ಟಾಗುತ್ತದೆ.

ಈಗ ಮಿಟ್. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ನೀರಿನಲ್ಲಿ ಅದ್ದಿ, ಒಂದು ಭಾಗ ಮಾತ್ರ ತೊಳೆಯಿರಿ, ಆಮೇಲೆ ಬರೀ ನೀರಿನ ಬಕೆಟ್‌ಗೆ ಹಾಕಿ ಜಾಲರಿಗೆ ಉಜ್ಜಿ, ಹಿಂಡಿ, ಮತ್ತೆ ಶಾಂಪೂ. ರೂಫ್, ಗಾಜು, ಬಾನೆಟ್, ಡಿಕ್ಕಿಯ ಮೇಲ್ಭಾಗ, ಬಾಗಿಲಿನ ಮೇಲರ್ಧ. ಇಲ್ಲಿಗೆ ಮಿಟ್ ಬದಲಿಸಿ. ಬಾಗಿಲಿನ ಕೆಳಗರ್ಧ, ಬಂಪರ್ ಕೊನೆಗೆ, ಏಕೆಂದರೆ ಚಕ್ರ ಎರಚಿದ ಮರಳೆಲ್ಲ ಅಲ್ಲೇ ಇರುವುದು.

ಕೈ ನೇರಕ್ಕೆ ಓಡಲಿ, ಗಾಳಿ ಓಡುವ ದಿಕ್ಕಿನಲ್ಲಿ, ಮುಂದಿನಿಂದ ಹಿಂದಕ್ಕೆ. ಗೋಲಾಕಾರದಲ್ಲಿ ತಿರುಗಿಸಬೇಡಿ. ನೇರ ಎಳೆದಾಗಲೂ ಗೀರು ಬೀಳಬಹುದು, ಆದರೆ ಅದು ಒಂದೇ ಕೋನದಿಂದ ಕಾಣುತ್ತದೆ. ಸುತ್ತಿಸಿದ್ದು ಎಲ್ಲ ಕೋನದಿಂದಲೂ ಕಾಣುತ್ತದೆ. ಒತ್ತಡ ಬೇಡ. ಮಿಟ್‌ನ ತೂಕವೇ ಸಾಕು. ಒತ್ತಿದರೆ ಮಾತ್ರ ಹೋಗುವ ಕಲೆ ಇದ್ದರೆ ಅದಕ್ಕೆ ಇನ್ನಷ್ಟು ನೆನೆಯಲು ಸಮಯ ಬೇಕು, ಇನ್ನಷ್ಟು ಬಲ ಅಲ್ಲ.

ಎರಡನೇ ಬಕೆಟ್ ನಿಜಕ್ಕೂ ಬೇಕಾ ಅಂತ ಅನುಮಾನ ಇದ್ದರೆ ಒಂದು ಸಲ ಹೀಗೆ ಮಾಡಿ. ತೊಳೆದ ಮೇಲೆ ಬರೀ ನೀರಿನ ಬಕೆಟನ್ನು ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ, ಜಾಲರಿ ಎತ್ತಿ, ತಳಕ್ಕೆ ಬೆರಳು ಒತ್ತಿ. ಬೂದು ಬಣ್ಣದ ತೆಳು ಕೆಸರು ಅಂಟಿಕೊಳ್ಳುತ್ತದೆ. ಅದನ್ನು ಎರಡು ಬೆರಳ ನಡುವೆ ಉಜ್ಜಿದರೆ ಚುರುಚುರು ಅನ್ನುತ್ತದೆ. ಒಂದೇ ಬಕೆಟ್ ಇದ್ದಿದ್ದರೆ ಅದೆಲ್ಲ ಮತ್ತೆ ಬಾನೆಟ್ ಮೇಲೆ ಹೋಗುತ್ತಿತ್ತು.

ಇಲ್ಲಿ ಆಗುವ ದೊಡ್ಡ ತಪ್ಪು: ಮಿಟ್ ಅಥವಾ ಟವೆಲ್ ಕೈ ಜಾರಿ ನೆಲಕ್ಕೆ ಬೀಳುತ್ತದೆ, ಎತ್ತಿ ಒಂದು ಸಲ ಕೊಡವಿ ಮುಂದುವರಿಸುತ್ತೇವೆ. ಬೇಡ. ನೆಲಕ್ಕೆ ಬಿದ್ದದ್ದು ಅವತ್ತಿನ ಮಟ್ಟಿಗೆ ಮುಗಿಯಿತು. ಒಮ್ಮೆ ಸರ್ವಿಸ್‌ಗೆ ಬಿಟ್ಟಿದ್ದ ನನ್ನ ಕಾರು ಒರೆಸುತ್ತಿದ್ದಾಗ ಬಟ್ಟೆ ಕೆಳಗೆ ಬಿತ್ತು, ಎತ್ತಿಕೊಂಡು ಹಾಗೇ ಮುಂದುವರಿಸಿದರು. ನಾನು ಗಾಜಿನ ಈಚೆ ನಿಂತು ನೋಡುತ್ತಲೇ ಇದ್ದೆ, ಕೂಗಿ ಹೇಳುವಷ್ಟರಲ್ಲಿ ಮುಗಿದಿತ್ತು. ಡ್ರೈವರ್ ಬಾಗಿಲಿನ ಉದ್ದಕ್ಕೂ ಸಮಾನಾಂತರವಾಗಿ ನಾಲ್ಕು ಗೆರೆ. ಅವತ್ತಿನಿಂದ ಸರ್ವಿಸ್‌ಗೆ ಬಿಡುವಾಗ "ವಾಷಿಂಗ್ ಬೇಡ" ಅಂತ ಜಾಬ್ ಕಾರ್ಡ್ ಮೇಲೆ ಬರೆಸಿಯೇ ಬರುತ್ತೇನೆ. ನೀವೂ ಬರೆಸಿ. ಬಾಯಲ್ಲಿ ಹೇಳಿದ್ದು ಒಳಗೆ ಕೆಲಸ ಮಾಡುವವರಿಗೆ ತಲುಪುವುದಿಲ್ಲ.

ಬ್ರಶ್ ತಿರುಗುವ ಆಟೋಮ್ಯಾಟಿಕ್ ವಾಷ್‌ಗೂ ಕಡು ಬಣ್ಣದ ಕಾರನ್ನು ಕರೆದುಕೊಂಡು ಹೋಗಬೇಡಿ. ನಿಮಗಿಂತ ಮುಂಚೆ ಬಂದ ಕಾರಿನ ಕೆಸರು ಅದೇ ಬ್ರಶ್‌ನಲ್ಲಿರುತ್ತದೆ.

5. ಒಣಗಿಸುವುದು

ಚೆನ್ನಾಗಿ ತೊಳೆದು ಇಲ್ಲಿ ಕೆಡಿಸಿಕೊಳ್ಳುವವರು ಬಹಳ. ಕೊನೆಯ ಸಲ ನೀರು ಹಾಯಿಸುವಾಗ ಪೈಪಿನ ನಾಜಲ್ ತೆಗೆದು, ಒತ್ತಡವಿಲ್ಲದೆ ಮೇಲಿಂದ ಹರಿಯಲು ಬಿಡಿ. ನೀರು ಹಾಳೆಯ ಹಾಗೆ ಜಾರಿ ತನ್ನ ಜೊತೆ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ದೊಡ್ಡ ಟವೆಲ್ಲನ್ನು ಬಿಚ್ಚಿ ಬಾನೆಟ್ ಮೇಲೆ ಹಾಸಿ, ಎರಡು ಮೂಲೆ ಹಿಡಿದು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. ಇಲ್ಲವೇ ಒತ್ತಿ ಎತ್ತಿ. ತಿಕ್ಕಬೇಡಿ. ರಬ್ಬರ್ ಪಟ್ಟಿ ಇರುವ ವೈಪರ್ ಗಾಜಿಗೆ ಸರಿ, ಪೇಂಟ್‌ಗೆ ಬೇಡ. ಅದರ ಕೆಳಗೆ ಒಂದು ಕಣ ಸಿಕ್ಕಿದರೆ ಬಾನೆಟ್‌ನ ಈ ತುದಿಯಿಂದ ಆ ತುದಿವರೆಗೆ ಒಂದೇ ಗೆರೆ.

ನೀರನ್ನು ತಾನಾಗಿ ಒಣಗಲು ಬಿಟ್ಟರೆ ಅದರಲ್ಲಿರುವ ಸುಣ್ಣದ ಅಂಶ ಬಿಳಿ ಉಂಗುರವಾಗಿ ಉಳಿಯುತ್ತದೆ. ಕಪ್ಪಿನ ಮೇಲೆ ಇದು ಗೀರಿಗಿಂತ ಕೆಟ್ಟದಾಗಿ ಕಾಣುತ್ತದೆ. ಬಿಸಿಲಿಗೆ ಬಿದ್ದು ಹಳೆಯದಾದರೆ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ, ಆಮೇಲೆ ಪಾಲಿಶ್ ಇಲ್ಲದೆ ಹೋಗುವುದಿಲ್ಲ.

ಟವೆಲ್‌ಗಳನ್ನು ಮನೆಯ ಬಟ್ಟೆ ಜೊತೆ ಒಗೆಯಬೇಡಿ, ಹತ್ತಿ ಬಟ್ಟೆಯ ಚುಂಗು ಅದಕ್ಕೆ ಹಿಡಿಯುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ನೂಲಿನ ನಡುವಿನ ಜಾಗ ಮುಚ್ಚಿ ನೀರು ಹೀರುವುದೇ ನಿಂತುಹೋಗುತ್ತದೆ. ಲಿಕ್ವಿಡ್ ಸೋಪು, ಉಗುರುಬೆಚ್ಚಗಿನ ನೀರು, ನೆರಳಲ್ಲಿ ಒಣಗಿಸುವುದು, ಮುಚ್ಚಿದ ಡಬ್ಬಿಯಲ್ಲಿಡುವುದು. ಇಷ್ಟೇ.

6. ಅಂಟಿದ ಕೊಳೆ ತೆಗೆಯುವುದು, ಬೇಕಿದ್ದರೆ ಪಾಲಿಶ್

ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರೊಳಗೆ ಕೈ ಹಾಕಿ ಸವರಿ. ನುಣುಪಾಗಿದ್ದರೆ ಮುಂದಿನ ಹಂತಕ್ಕೆ ಹೋಗಿ. ತರಿತರಿಯಾಗಿದ್ದರೆ ಕಬ್ಬಿಣದ ಕಣ, ಡಾಂಬರು, ಮರದ ಅಂಟು ಕೂತಿದೆ. ಅದರ ಮೇಲೆ ವ್ಯಾಕ್ಸ್ ಹಾಕಿದರೆ ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ.

ಕಬ್ಬಿಣದ ಕಣಕ್ಕೆ ಐರನ್ ರಿಮೂವರ್ ಸಿಂಪಡಿಸಿ. ಕಬ್ಬಿಣ ಇದ್ದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮೆತ್ತನೆ ಉಂಡೆ. ಕ್ಲೇ ಹಚ್ಚುವ ಜಾಗ ಯಾವಾಗಲೂ ಲೂಬ್ರಿಕಂಟ್‌ನಿಂದ (ಜಾರಿಸುವ ದ್ರವ) ಒದ್ದೆ ಇರಬೇಕು, ಒತ್ತಡ ಹಾಕಬಾರದು, ಸ್ವಲ್ಪ ಹೊತ್ತಿಗೊಮ್ಮೆ ಮಡಚಿ ಶುಭ್ರ ಮುಖ ಹೊರಗೆ ತರಬೇಕು. ನೆಲಕ್ಕೆ ಬಿದ್ದ ಕ್ಲೇ ಕಸದ ಬುಟ್ಟಿಗೆ. ಕಡು ಬಣ್ಣದ ಮೇಲೆ ಕ್ಲೇ ಸ್ವಲ್ಪ ಮಂಕು ಬಿಡುವುದು ಸಹಜ, ಆದ್ದರಿಂದ ಪಾಲಿಶ್ ಮಾಡುವ ಉದ್ದೇಶ ಇದ್ದಾಗ ಮಾತ್ರ ಪೂರ್ತಿ ಕಾರಿಗೆ ಮಾಡಿ. ವರ್ಷಕ್ಕೆ ಒಂದು ಸಲಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಪಾಲಿಶ್ ಅಂದರೆ ಗೀರು ತುಂಬುವುದಲ್ಲ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಮಟ್ಟಕ್ಕೆ ಸವೆಸುವುದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಪಾಲಿಶ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ನಯವಾಗಿ ಬೇಡ ಅನ್ನಿ.

ನೀವೇ ಮಾಡುವುದಾದರೆ ಡ್ಯುಯಲ್ ಆಕ್ಷನ್ ಮಶೀನ್ ತೆಗೆದುಕೊಳ್ಳಿ, ಅದರ ಪ್ಯಾಡ್ ತಿರುಗುವುದರ ಜೊತೆಗೆ ಓಲಾಡುತ್ತದೆ. ಒಂದೇ ಅಕ್ಷದಲ್ಲಿ ಗಿರಗಿರ ತಿರುಗುವ ರೋಟರಿ ಹೊಸಬರ ಕೈಯಲ್ಲಿ ಒಂದು ಕ್ಷಣ ನಿಂತರೂ ಪೇಂಟ್ ಸುಡುತ್ತದೆ. ಅಂಗೈ ಎರಡರಷ್ಟು ಜಾಗದಲ್ಲಿ, ಎಲ್ಲಕ್ಕಿಂತ ಮೃದುವಾದ ಪ್ಯಾಡ್ ಮತ್ತು ಸಣ್ಣ ಕಣದ ಪಾಲಿಶ್‌ನಿಂದ ಪರೀಕ್ಷೆ ಮಾಡಿ. ಸಾಕಾಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಬಾನೆಟ್ ಅಂಚು, ಬಾಗಿಲಿನ ಮಡಿಕೆ ಗೆರೆ ಇಲ್ಲೆಲ್ಲ ಪೇಂಟ್ ಇನ್ನೂ ತೆಳು, ಮಾಸ್ಕಿಂಗ್ ಟೇಪ್ ಅಂಟಿಸಿಯೇ ಶುರು ಮಾಡಿ. ಮುಗಿದ ಮೇಲೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ನೋಡಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರನ್ನು ಮುಚ್ಚಿಟ್ಟಿರುತ್ತದೆ. ಎಣ್ಣೆ ಹೋದ ಮೇಲೆ ಕಾಣುವುದೇ ನಿಜವಾದ ಫಲ.

ಟೂತ್‌ಪೇಸ್ಟ್‌ನಿಂದ ಉಜ್ಜಿದರೆ ಗೀರು ಹೋಗುತ್ತದೆ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಟೂತ್‌ಪೇಸ್ಟ್‌ನಲ್ಲಿ ಒರಟು ಪುಡಿ ಇರುತ್ತದೆ, ಒಂದು ಗೆರೆ ತೆಗೆದು ಅಂಗೈ ಅಗಲ ಮಂಕು ಬಿಡುತ್ತದೆ. ಕಪ್ಪು ಕಾರಿನ ಮೇಲೆ ಅದು ದೂರದಿಂದಲೂ ಕಾಣುತ್ತದೆ.

7. ರಕ್ಷಣೆಯ ಪದರ: ಯಾವುದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ವ್ಯಾಕ್ಸ್ ಕೆಲವು ವಾರದಿಂದ ಎರಡು ಮೂರು ತಿಂಗಳು ಬರುತ್ತದೆ. ಸೀಲೆಂಟ್ (ವ್ಯಾಕ್ಸ್ ಥರವೇ ಹಚ್ಚುವ ಕೃತಕ ಪದರ) ಅದಕ್ಕಿಂತ ಜಾಸ್ತಿ, ನಾಲ್ಕಾರು ತಿಂಗಳು. ಸೆರಾಮಿಕ್ ಕೋಟಿಂಗ್ ಸರಿಯಾಗಿ ಹಾಕಿ ಸರಿಯಾಗಿ ತೊಳೆದರೆ ಒಂದೆರಡು ವರ್ಷ ಅಥವಾ ಇನ್ನೂ ಜಾಸ್ತಿ. ಮೂರರ ಕೆಲಸವೂ ಹೆಚ್ಚುಕಮ್ಮಿ ಒಂದೇ: ನೀರು, ಕೊಳೆ ಬೇಗ ಜಾರುವ ಹಾಗೆ ಮಾಡುವುದು. ಕೊಳೆ ಕಡಿಮೆ ಅಂಟಿದರೆ ಉಜ್ಜುವುದು ಕಡಿಮೆ, ಉಜ್ಜುವುದು ಕಡಿಮೆಯಾದರೆ ಗೀರು ಕಡಿಮೆ. ಗೀರಿನಿಂದ ಅವು ಉಳಿಸುವುದು ಮುಖ್ಯವಾಗಿ ಈ ದಾರಿಯಿಂದ.

ಸೆರಾಮಿಕ್ ಹಾಕಿಸಿದರೆ ಕಲ್ಲು ತಾಗಿದರೂ ಏನೂ ಆಗಲ್ಲ ಅನ್ನುವುದು ಸುಳ್ಳು. ಒಂದೆರಡು ಮೈಕ್ರಾನ್ ದಪ್ಪದ ಪದರ ವೇಗವಾಗಿ ಬರುವ ಕಲ್ಲನ್ನು ಹೇಗೆ ತಡೆಯುತ್ತದೆ ಹೇಳಿ. ಕೋಟಿಂಗ್ ಹಾಕುವ ಮೊದಲು ಗೀರೆಲ್ಲ ಪಾಲಿಶ್ ಮಾಡಿ ತೆಗೆದಿರಬೇಕು ಅನ್ನುವುದೂ ನೆನಪಿರಲಿ. ಇಲ್ಲದಿದ್ದರೆ ಗೀರುಗಳು ಗಾಜಿನ ಕೆಳಗಿಟ್ಟ ಫೋಟೋ ಹಾಗೆ ಒಳಗೇ ಉಳಿಯುತ್ತವೆ.

ಕಲ್ಲೇಟಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್. ಟಿಪಿಯು ಅನ್ನುವ ಪ್ಲಾಸ್ಟಿಕ್‌ನಿಂದ ಮಾಡಿದ್ದು, ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಅಂದರೆ ಪೂರ್ತಿ ಪೇಂಟ್‌ಗಿಂತ ಜಾಸ್ತಿ. ಕಲ್ಲಿನ ಹೊಡೆತವನ್ನು ರಬ್ಬರಿನ ಹಾಗೆ ತಾನೇ ತಡೆದುಕೊಳ್ಳುತ್ತದೆ. ಒಳ್ಳೆಯ ಫಿಲ್ಮ್‌ನ ಮೇಲೆ ಬಿದ್ದ ಸಣ್ಣ ಗೀರು ಬಿಸಿಲಿಗೋ ಬಿಸಿನೀರಿಗೋ ತಾನಾಗಿ ಮಾಯುತ್ತದೆ.

ಇಡೀ ಕಾರಿಗೆ ಹಾಕಿಸುವ ಖರ್ಚು ದೊಡ್ಡದು. ನನ್ನ ಕೇಳಿದರೆ ಕಲ್ಲು ಬೀಳುವ ಜಾಗಕ್ಕೆ ಮಾತ್ರ ಹಾಕಿಸಿ: ಮುಂದಿನ ಬಂಪರ್, ಬಾನೆಟ್, ಸೈಡ್ ಮಿರರ್‌ಗಳ ಮುಂಭಾಗ, ಹಿಂದಿನ ಚಕ್ರದ ಮುಂದೆ ಬರುವ ಬಾಡಿ. ಇದರ ಜೊತೆ ಕೈ, ಸಾಮಾನು ತಾಗುವ ಜಾಗಗಳು: ಬಾಗಿಲಿನ ಅಂಚು, ಹ್ಯಾಂಡಲ್ ಹಿಂದಿನ ಗುಳಿ, ಹಿಂದಿನ ಬಂಪರ್‌ನ ಮೇಲ್ತುದಿ. ಬಾನೆಟ್‌ಗೆ ಹಾಕಿಸಿದರೆ ಪೂರ್ತಿ ಬಾನೆಟ್‌ಗೇ ಹಾಕಿಸಿ. ಅರ್ಧಕ್ಕೆ ಹಾಕಿಸಿದರೆ ಫಿಲ್ಮ್ ಮುಗಿಯುವ ಗೆರೆಯಲ್ಲಿ ಕೊಳೆ ಕೂತು ಕಡು ಬಣ್ಣದ ಮೇಲೆ ಎದ್ದು ಕಾಣುತ್ತದೆ.

ಹೊಸದಾಗಿ ಪೇಂಟ್ ಹೊಡೆಸಿದ ಭಾಗದ ಮೇಲೆ ತಕ್ಷಣ ವ್ಯಾಕ್ಸ್, ಕೋಟಿಂಗ್, ಫಿಲ್ಮ್ ಯಾವುದೂ ಬೇಡ. ಒಳಗಿನ ಸಾಲ್ವೆಂಟ್ ಆವಿಯಾಗಿ ಹೋಗಬೇಕು. ಪೇಂಟ್ ಹೊಡೆದವರನ್ನು ಕೇಳಿ. 30ರಿಂದ 90 ದಿನ ಕಾಯಿರಿ ಅನ್ನುವುದು ರೂಢಿ.

ಇನ್ನು ಓಡಿಸುವಾಗ, ನಿಲ್ಲಿಸುವಾಗ. ಇದು ಪುಕ್ಕಟೆ ರಕ್ಷಣೆ. ಜಲ್ಲಿ, ಮರಳು ತುಂಬಿದ ಲಾರಿ ಹಿಂದೆ ಅಂಟಿಕೊಂಡು ಹೋಗಬೇಡಿ. ಬಿಡಿ ಜಲ್ಲಿ ಇರುವ ರಸ್ತೆಯಲ್ಲಿ ವೇಗ ಇಳಿಸಿ, ಎದುರಿನ ವಾಹನ ಹಾರಿಸುವ ಕಲ್ಲಿನ ಹೊಡೆತಕ್ಕೆ ನಿಮ್ಮ ವೇಗವೂ ಸೇರಿಕೊಳ್ಳುತ್ತದೆ. ನಾಲ್ಕು ಚಕ್ರಕ್ಕೂ ಮಡ್‌ಫ್ಲಾಪ್ ಹಾಕಿಸಿ, ನಿಮ್ಮ ಬಾಗಿಲಿನ ಕೆಳಭಾಗಕ್ಕೆ ಕಲ್ಲು ಹೊಡೆಯುವುದು ನಿಮ್ಮದೇ ಮುಂದಿನ ಚಕ್ರ. ಬಾನೆಟ್ ಮೇಲೆ ಬ್ಯಾಗ್ ಇಡುವುದು, ಡಿಕ್ಕಿಗೆ ಒರಗಿ ನಿಲ್ಲುವುದು ಬೇಡ. ಬೆಲ್ಟಿನ ಬಕಲ್ ಎಷ್ಟು ಗೀರು ಹಾಕುತ್ತದೆ ಅಂತ ಹಿಂದಿನ ಬಂಪರ್ ನೋಡಿದರೆ ಗೊತ್ತಾಗುತ್ತದೆ.

ಕವರ್ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಧೂಳು ಕೂತ ಕಾರಿನ ಮೇಲೆ ಕವರ್ ಎಳೆದರೆ ಅದೂ ಒಣ ಬಟ್ಟೆಯಲ್ಲಿ ಒರೆಸಿದ ಹಾಗೇ. ಸಡಿಲ ಕವರ್ ಗಾಳಿಗೆ ಪಟಪಟ ಬಡಿದರೆ ಕನ್ನಡಿಯ ಸುತ್ತ, ರೂಫಿನ ಅಂಚಿನಲ್ಲಿ ಪೇಂಟ್ ಮಂಕಾಗುತ್ತದೆ. ತೊಳೆದು ಪೂರ್ತಿ ಒಣಗಿದ ಕಾರಿಗೆ, ಛಾವಣಿ ಕೆಳಗೆ, ದಿನಗಟ್ಟಲೆ ನಿಲ್ಲುವುದಾದರೆ ಮಾತ್ರ ಕವರ್ ಹಾಕಿ. ದಿನಾ ಓಡಿಸುವ ಕಾರಿಗೆ ನೆರಳು ಸಾಕು.

ಹಕ್ಕಿ ಹಿಕ್ಕೆ ಕಂಡರೆ ಸಂಜೆವರೆಗೂ ಬಿಡಬೇಡಿ. ಬಿಸಿಲಲ್ಲಿ ಕಾದ ಕಡು ಬಣ್ಣದ ಪೇಂಟನ್ನು ಅದು ಕೆಲವೇ ಗಂಟೆಗಳಲ್ಲಿ ಕೊರೆಯಬಲ್ಲದು. ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಡಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಕಾರಿನಲ್ಲಿ ಒಂದು ಬಾಟಲಿ ನೀರು, ಒಂದು ಶುಭ್ರ ಮೈಕ್ರೋಫೈಬರ್ ಯಾವಾಗಲೂ ಇರಲಿ.

8. ಪೇಂಟ್ ಎಗರಿದ ಜಾಗಕ್ಕೆ ಟಚ್-ಅಪ್

ಎಷ್ಟೇ ಹುಷಾರಾಗಿದ್ದರೂ ಬಾನೆಟ್‌ನ ಮುಂತುದಿಯಲ್ಲಿ ಎಳ್ಳುಕಾಳಿನಷ್ಟು ಪೇಂಟ್ ಎಗರುವುದು ತಪ್ಪುವುದಿಲ್ಲ. ಅದನ್ನು ಹಾಗೇ ಬಿಡುವುದು ತಪ್ಪು. ಲೋಹ ಕಂಡ ಜಾಗಕ್ಕೆ ನೀರು ತಾಗಿದರೆ ತುಕ್ಕು ಶುರು. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ, ಅಲ್ಲಿ ಆತುರ ಬೇಡ.

ಬೇಕಾದ್ದು: ನಿಮ್ಮ ಕಾರಿನ ಪೇಂಟ್ ಕೋಡ್‌ಗೆ ಹೊಂದುವ ಟಚ್-ಅಪ್ ಬಾಟಲಿ, ಕ್ಲಿಯರ್ ಕೋಟ್, ಲೋಹ ಕಂಡಿದ್ದರೆ ಪ್ರೈಮರ್, ಆಲ್ಕೋಹಾಲ್, ಕೆಲವು ಟೂತ್‌ಪಿಕ್ ಅಥವಾ ಅತಿ ಸಣ್ಣ ಬ್ರಶ್. ಕೋಡ್ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಅಥವಾ ಬಾನೆಟ್ ಒಳಗಿನ ಪ್ಲೇಟ್ ಮೇಲೆ ಇರುತ್ತದೆ. ಕಪ್ಪು ಅಂದರೆ ಒಂದೇ ಕಪ್ಪು ಅಂತ ಕೋಡ್ ನೋಡದೆ ತಂದವರು ಮತ್ತೆ ಅಂಗಡಿಗೆ ಹೋಗಿದ್ದಾರೆ. ಒಂದರಲ್ಲಿ ಮಿನುಗು ಪುಡಿ ಇರುತ್ತದೆ, ಇನ್ನೊಂದರಲ್ಲಿ ನೀಲಿ ಛಾಯೆ.

ಜಾಗವನ್ನು ತೊಳೆದು ಒಣಗಿಸಿ, ಆಲ್ಕೋಹಾಲ್‌ನಿಂದ ಒರೆಸಿ. ಸಡಿಲವಾದ ಪೇಂಟ್ ಅಂಚು ಇದ್ದರೆ ಟೂತ್‌ಪಿಕ್‌ನಿಂದ ಎಬ್ಬಿಸಿ ತೆಗೆಯಿರಿ. ತುಕ್ಕಿನ ಚುಕ್ಕೆ ಇದ್ದರೆ ಅದನ್ನು ಮೊನಚಾದ ತುದಿಯಿಂದ ಪೂರ್ತಿ ಕೆರೆದು ಹೊಳೆಯುವ ಲೋಹ ಬರುವವರೆಗೂ ಬಿಡಬೇಡಿ. ಲೋಹಕ್ಕೆ ಮೊದಲು ಪ್ರೈಮರ್, ಅದು ಒಣಗಿದ ಮೇಲೆ ಬಣ್ಣ.

ಬಾಟಲಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, ಮೆಟಾಲಿಕ್ ಆದರೆ ಇನ್ನೂ ಜಾಸ್ತಿ. ಬಾಟಲಿಯ ಮುಚ್ಚಳದಲ್ಲಿರುವ ಬ್ರಶ್ ಬಳಸಬೇಡಿ, ಎಳ್ಳಿನಷ್ಟು ಗಾಯಕ್ಕೆ ಅದು ಪೊರಕೆ ಇದ್ದ ಹಾಗೆ. ಟೂತ್‌ಪಿಕ್ ತುದಿಗೆ ಒಂದು ಸಣ್ಣ ಹನಿ ಹಿಡಿಸಿ, ಗುಳಿಯ ನಡುವೆ ಮುಟ್ಟಿಸಿ. ಹನಿ ತಾನಾಗಿ ಅಂಚಿನವರೆಗೆ ಹರಡುತ್ತದೆ. ಎಳೆದು ಹಚ್ಚಬೇಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಇನ್ನೊಂದು ತೆಳು ಹನಿ. ಒಣಗಿದಾಗ ಬಣ್ಣ ಕುಗ್ಗುತ್ತದೆ, ಹಾಗಾಗಿ ಎರಡು ಮೂರು ಸಲ ಬೇಕಾಗುತ್ತದೆ. ಒಂದೇ ಸಲ ದಪ್ಪ ಹನಿ ಹಾಕಿದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಕೊನೆಗೆ ಕ್ಲಿಯರ್ ಕೋಟ್, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ. ಬಿಸಿಲಿನಲ್ಲಿ, ಮಳೆ ಮೋಡದ ದಿನ, ಧೂಳು ಏಳುವ ಜಾಗದಲ್ಲಿ ಈ ಕೆಲಸಕ್ಕೆ ಕೂರಬೇಡಿ.

ಒಂದು ವಾರ ಬಿಡಿ. ಎತ್ತರ ಕಣ್ಣಿಗೆ ಕುಕ್ಕುತ್ತಿದ್ದರೆ 2000, ಆಮೇಲೆ 3000 ಗ್ರಿಟ್‌ನ ವಾಟರ್ ಪೇಪರನ್ನು (ಒದ್ದೆ ಮಾಡಿ ಉಜ್ಜುವ ಅತಿ ನುಣುಪಾದ ಉಪ್ಪುಕಾಗದ) ಪೆನ್ಸಿಲ್ ಹಿಂಬದಿಯ ರಬ್ಬರಿಗೆ ಅಂಟಿಸಿ, ನೀರು ಹಾಕುತ್ತಾ ಆ ಚುಕ್ಕೆಯನ್ನು ಮಾತ್ರ ಮಟ್ಟ ಮಾಡಿ, ಪಾಲಿಶ್ ಹಚ್ಚಿ. ಕೈ ನಡುಗುತ್ತದೆ ಅನ್ನಿಸಿದರೆ ಈ ಭಾಗ ಬಿಟ್ಟುಬಿಡಿ. ಸ್ವಲ್ಪ ಉಬ್ಬಿದ ಚುಕ್ಕೆ ಒಂದು ಮಾರು ದೂರದಿಂದ ಕಾಣುವುದೇ ಇಲ್ಲ. ಸುತ್ತಲಿನ ಕ್ಲಿಯರ್ ಕೋಟ್ ಸವೆಸಿಕೊಂಡರೆ ಕಾಣುತ್ತದೆ.

9. ಕೈ ನಿಲ್ಲಿಸಬೇಕಾದ ಸೂಚನೆಗಳು

ಪಾಲಿಶ್ ಮಾಡುವಾಗ ಪ್ಯಾಡ್‌ಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಕೋಟ್ ಇರುವ ಪೇಂಟ್‌ನಲ್ಲಿ ಬಣ್ಣ ಬರಬಾರದು, ಬಂದರೆ ಅದು ಸವೆದು ಬೇಸ್ ಕೋಟ್ ಸಿಕ್ಕಿದೆ ಅಂತ ಅರ್ಥ.

ರೂಫ್ ಅಥವಾ ಬಾನೆಟ್ ಮೇಲೆ ಬಿಳಿಚಿದ ಮಚ್ಚೆ, ಅದರ ಅಂಚಿನಲ್ಲಿ ಹಾವಿನ ಪೊರೆ ಥರ ಏಳುತ್ತಿರುವ ಸಿಪ್ಪೆ ಕಂಡರೆ ಕ್ಲಿಯರ್ ಕೋಟ್ ಬಿಟ್ಟುಕೊಳ್ಳುತ್ತಿದೆ. ಅದಕ್ಕೆ ವ್ಯಾಕ್ಸ್, ಪಾಲಿಶ್ ಯಾವುದೂ ನಾಟುವುದಿಲ್ಲ, ಆ ಭಾಗಕ್ಕೆ ಮತ್ತೆ ಪೇಂಟ್ ಹೊಡೆಸಬೇಕು. ಅಂಥ ಜಾಗಕ್ಕೆ ಪಿಪಿಎಫ್ ಹಾಕಿಸಲೂಬೇಡಿ, ಮುಂದೆ ಫಿಲ್ಮ್ ತೆಗೆಯುವ ದಿನ ಪೇಂಟೂ ಅದರ ಜೊತೆ ಬರುತ್ತದೆ.

ಟಚ್-ಅಪ್ ಮಾಡಿದ ಚುಕ್ಕೆಯ ಸುತ್ತ ಕೆಲವು ತಿಂಗಳಲ್ಲಿ ಪೇಂಟ್ ಗುಳ್ಳೆ ಎದ್ದರೆ, ಅಥವಾ ಕಂದು ಬಣ್ಣದ ನೀರು ಇಳಿದ ಗೆರೆ ಕಂಡರೆ ಒಳಗೆ ತುಕ್ಕು ಉಳಿದಿತ್ತು ಅಂತ ತಿಳಿಯಿರಿ. ಮೇಲೆ ಇನ್ನೊಂದು ಹನಿ ಬಣ್ಣ ಹಾಕಬೇಡಿ. ಗುಳ್ಳೆ ಕಡಲೆಬೇಳೆಗಿಂತ ಚಿಕ್ಕದಿದ್ದರೆ ಒಡೆದು, ಲೋಹದವರೆಗೆ ಕೆರೆದು ಎಂಟನೇ ಹಂತವನ್ನು ಪ್ರೈಮರ್‌ನಿಂದ ಮತ್ತೆ ಶುರು ಮಾಡಿ. ಅದಕ್ಕಿಂತ ದೊಡ್ಡದಿದ್ದರೆ ಬಾಡಿ ಶಾಪ್‌ಗೆ ಒಯ್ಯಿರಿ, ಪೇಂಟ್ ಹೊಡೆಯುವ ಮೊದಲು ತಗಡು ಪೂರ್ತಿ ಬೆಳ್ಳಗಾಗುವ ಹಾಗೆ ಕೆರೆದಿದ್ದಾರಾ ಅಂತ ನಿಂತು ನೋಡಿ.